ಚಪ್ಪಾಳೆ ನಿಂತ ಮೇಲೆ: ಒಂಟಿ ದನಿಯಲ್ಲಿ ದೈವವಾಕ್ಯ ಕೇಳಿದವರ ಚರಿತ್ರೆ

ಏಪ್ರಿಲ್ 25ರಂದು ಧರ್ಮಸಭೆಯು ಶುಭಸಂದೇಶಕಾರ ಸಂತ ಮಾರ್ಕರ ಹಬ್ಬವನ್ನು ಆಚರಿಸುತ್ತದೆ. ನಾಲ್ಕು ಶುಭಸಂದೇಶಗಳಲ್ಲಿ ಅತ್ಯಂತ ಚಿಕ್ಕದು ಅವರದು, ಹದಿನಾರೇ ಅಧ್ಯಾಯಗಳು. ಪಂಡಿತರಲ್ಲಿ ಬಹುಮಂದಿಯ ಅಭಿಪ್ರಾಯದಂತೆ ನಾಲ್ಕರಲ್ಲಿ ಮೊದಲು ರಚಿತವಾದದ್ದೂ ಅದೇ. ಪೂಜಾವಿಧಿಯ ಮೂರು ವರ್ಷಗಳ ಆವರ್ತದಲ್ಲಿ ಎರಡನೆಯ ವರ್ಷ ನಾವು ಭಾನುವಾರಗಳಂದು ಹೆಚ್ಚಾಗಿ ಕೇಳುವುದು ಮಾರ್ಕರನ್ನೇ. ಆದರೆ ತುಂಡು ತುಂಡಾಗಿ ಕೇಳುತ್ತೇವೆ: ಈ ವಾರ ಹತ್ತು ವಚನ, ಮುಂದಿನ ವಾರ ಹನ್ನೆರಡು. ಇಡೀ ಶುಭಸಂದೇಶವನ್ನು ಒಂದೇ ಸಲ ಕುಳಿತು, ಒಬ್ಬರೇ ಹೇಳುವುದನ್ನು ಮೊದಲಿಂದ ಕೊನೆಯವರೆಗೆ ಕೇಳಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ ಇದ್ದಾರು?

1978ರಲ್ಲಿ ಲಂಡನ್ನಿನಲ್ಲಿ ಅಂಥದೊಂದು ಪ್ರಸಂಗ ನಡೆಯಿತು. ನಡೆದದ್ದು ದೇವಾಲಯದಲ್ಲಲ್ಲ, ನಾಟಕಶಾಲೆಯಲ್ಲಿ. ಹೇಳಿದವರು ಗುರುಗಳಲ್ಲ, ಹೆಸರಾಂತ ನಟರು. ಕೇಳಿದವರು ಟಿಕೆಟ್ ಕೊಂಡು ಬಂದ ಜನ. ಆ ಜನ ನಕ್ಕರು, ಮೌನವಾದರು, ಕೊನೆಗೆ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಏನಾಗಬೇಕು ಎಂಬುದು ಈ ಲೇಖನದ ಪ್ರಶ್ನೆ. ನಟರ ಮತ್ತು ಬೋಧಕರ ಚರಿತ್ರೆಯನ್ನು ಬರೆದವರು ಬಹಳ. ಕೇಳಿದವರ ಚರಿತ್ರೆಯನ್ನು ಬರೆದವರು ಕಡಿಮೆ. ಪ್ರತಿ ಭಾನುವಾರ ನಾವೆಲ್ಲರೂ ಕೇಳುವವರ ಸಾಲಿನಲ್ಲೇ ಕುಳಿತಿರುವುದರಿಂದ, ಪ್ರಿಯ ಬಾಂಧವರೇ, ಅದು ನಮ್ಮದೇ ಚರಿತ್ರೆ.

ಮೊದಲಿನಿಂದಲೂ ಒಂದು ದನಿ, ಅನೇಕ ಕಿವಿಗಳು

ಒಬ್ಬರು ಹೇಳುವುದು, ಉಳಿದವರು ಕೇಳುವುದು ರಂಗಭೂಮಿಯವರು ಕಂಡುಹಿಡಿದ ಪದ್ಧತಿಯಲ್ಲ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ತೆರೆದು ನೋಡೋಣ. ಸೆರೆಯಿಂದ ಹಿಂದಿರುಗಿದ ಜನ ಜೆರುಸಲೇಮಿನ ನೀರುಬಾಗಿಲ ಮುಂದಿನ ಬಯಲಿನಲ್ಲಿ ಸೇರಿದ್ದಾರೆ. ಮರದ ವೇದಿಕೆಯ ಮೇಲೆ ನಿಂತು ಎಜ್ರನು ಬೆಳಗಿನಿಂದ ನಡುಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಜನ ಎದ್ದು ನಿಲ್ಲುತ್ತಾರೆ, ಕೈಯೆತ್ತುತ್ತಾರೆ, ನೆಲಕ್ಕೆ ಬಾಗುತ್ತಾರೆ, ಅಳುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ. ಅಳು ಸಾಕು, ಮನೆಗೆ ಹೋಗಿ ಹಬ್ಬದೂಟ ಮಾಡಿ, ಏನೂ ಸಿದ್ಧಪಡಿಸಿಕೊಳ್ಳಲಾಗದವರಿಗೆ ಅವರ ಪಾಲನ್ನು ಕಳುಹಿಸಿ ಎಂಬ ಅಪ್ಪಣೆ ಅವರಿಗೆ ದೊರೆಯುತ್ತದೆ. ಜನ ಹಾಗೆಯೇ ಮಾಡುತ್ತಾರೆ. ಓದಿದ್ದು ಬಯಲಿನಲ್ಲಿ, ಅದರ ಫಲ ಕಂಡದ್ದು ಬಡವನ ಮನೆಯ ಬಾಗಿಲಲ್ಲಿ.

ಸಂತ ಲೂಕರು ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಂದು ಸಭೆಯನ್ನು ತೋರಿಸುತ್ತಾರೆ. ನಜರೇತಿನ ಪ್ರಾರ್ಥನಾ ಮಂದಿರದಲ್ಲಿ ಪ್ರಭು ಯೇಸು ಯೆಶಾಯನ ಸುರುಳಿಯನ್ನು ಓದಿ ಕುಳಿತಾಗ ಎಲ್ಲರ ಕಣ್ಣುಗಳೂ ಅವರಲ್ಲೇ ನೆಟ್ಟಿದ್ದವು. ಮೊದಲು ಮೆಚ್ಚುಗೆ, ಬೆರಗು. ಕೆಲವೇ ಮಾತುಗಳ ನಂತರ ಅದೇ ಜನ ಕೋಪದಿಂದ ಎದ್ದು, ಅವರನ್ನು ಊರಾಚೆ ಗುಡ್ಡದ ಅಂಚಿಗೆ ಎಳೆದೊಯ್ದು ನೂಕಲು ಹೊರಟರು. ಮಾತು ಹಿತವಾಗಿದ್ದಷ್ಟು ಹೊತ್ತು ಮೆಚ್ಚಿದರು. ತಮ್ಮ ಮೇಲೆಯೇ ಬಂದಾಗ ಸಹಿಸಲಿಲ್ಲ. ಇಲ್ಲಿಂದ ನಾವು ಕಲಿಯಬೇಕಾದ ಪಾಠವಿದೆ: ಜನರ ಮೆಚ್ಚುಗೆ ವಾಕ್ಯವು ಒಳಗಿಳಿಯಿತು ಎಂಬುದಕ್ಕೆ ಸಾಕ್ಷಿಯಲ್ಲ.

ಸಂತ ಮಾರ್ಕರ ಶುಭಸಂದೇಶವೂ ಹುಟ್ಟಿದ್ದು ಕಣ್ಣಿಗಲ್ಲ, ಕಿವಿಗೆ. ಆ ಕಾಲದಲ್ಲಿ ಓದುಬರಹ ಬಲ್ಲವರು ಕೆಲವರೇ, ಕೈಯಿಂದ ನಕಲು ಮಾಡಿದ ಗ್ರಂಥಗಳು ವಿರಳ. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಮನೆಯೊಂದರಲ್ಲಿ ಸೇರಿದ ವಿಶ್ವಾಸಿಗಳು ಕೇಳುತ್ತಿದ್ದರು. ಹದಿಮೂರನೆಯ ಅಧ್ಯಾಯದ ಹದಿನಾಲ್ಕನೆಯ ವಚನದಲ್ಲಿ ಮಾರ್ಕರು ಕತೆಯನ್ನು ಕ್ಷಣಕಾಲ ನಿಲ್ಲಿಸಿ ಓದುವವನಿಗೆ ಎಚ್ಚರಿಕೆಯ ಮಾತೊಂದನ್ನು ಹೇಳುತ್ತಾರಲ್ಲವೇ? ಸಭೆಯ ಮುಂದೆ ನಿಂತು ಓದುತ್ತಿರುವ ವಾಚಕನಿಗೇ ಅದು ಎಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಸುಮಾರು ಕ್ರಿ.ಶ. 155ರಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನರು ಬರೆದ ವಿವರಣೆಯೂ ಇದನ್ನೇ ಹೇಳುತ್ತದೆ. ಭಾನುವಾರ ಕ್ರೈಸ್ತರು ಒಂದೆಡೆ ಸೇರಿದಾಗ ಪ್ರೇಷಿತರ ನೆನಪಿನ ಬರಹಗಳನ್ನು ಸಮಯ ಇರುವಷ್ಟೂ ಓದಲಾಗುತ್ತಿತ್ತು. ಬಳಿಕ ಸಭೆಯ ಮುಖ್ಯಸ್ಥರು ಕೇಳಿದ್ದನ್ನು ಬಾಳಿನಲ್ಲಿ ಅನುಸರಿಸುವಂತೆ ಬೋಧಿಸುತ್ತಿದ್ದರು. ವಾಚನ, ಪ್ರಬೋಧನೆ, ನಡೆ ಎಂಬ ಈ ಕ್ರಮ ಅಷ್ಟು ಹಳೆಯದು.

ಸಂತ ಅಗುಸ್ತೀನರ ಅಳತೆಗೋಲು

ಕೇಳುವವರ ಪ್ರತಿಕ್ರಿಯೆಯನ್ನು ಅಳೆಯಲು ಸಂತ ಅಗುಸ್ತೀನರಿಗಿಂತ ಒಳ್ಳೆಯ ಮಾರ್ಗದರ್ಶಿ ನಮಗೆ ಸಿಗಲಾರರು. ತಾರುಣ್ಯದಲ್ಲಿ ಅವರು ಕಾರ್ಥೇಜ್ ನಗರದ ನಾಟಕಗಳನ್ನು ಬಹಳವಾಗಿ ಮೆಚ್ಚಿದವರು. ತಮ್ಮ ಆತ್ಮನಿವೇದನೆಯ ಮೂರನೆಯ ಭಾಗದಲ್ಲಿ ಆ ದಿನಗಳನ್ನು ನೆನೆದು ಒಂದು ಕಠಿಣ ಪ್ರಶ್ನೆ ಕೇಳುತ್ತಾರೆ. ರಂಗದ ಮೇಲಿನ ಕಲ್ಪಿತ ದುಃಖಕ್ಕೆ ಅಳುವ ಪ್ರೇಕ್ಷಕ ಯಾರಿಗೂ ನೆರವಾಗಬೇಕಾಗಿಲ್ಲ. ಸುಮ್ಮನೆ ಅತ್ತರೆ ಸಾಕು. ಅಳು ಬಂದಷ್ಟೂ ಅವನಿಗೆ ಸಂತೋಷ, ನಟನಿಗೆ ಹೊಗಳಿಕೆ. ಇದು ಎಂಥ ಕರುಣೆ? ಹದಿನಾರು ಶತಮಾನಗಳು ಕಳೆದರೂ ಈ ಪ್ರಶ್ನೆಯ ಮೊನೆ ಮಂಕಾಗಿಲ್ಲ. ಟೀವಿ ಧಾರಾವಾಹಿಗೆ ಕಣ್ಣೀರು ಹಾಕಿ, ಪಕ್ಕದ ಮನೆಯ ವಿಧವೆಯ ಕಷ್ಟವನ್ನು ವಿಚಾರಿಸದ ನಮ್ಮ ಕಾಲಕ್ಕೂ ಅದು ತಾಗುತ್ತದೆ.

ಅದೇ ಅಗುಸ್ತೀನರು ಧರ್ಮಾಧ್ಯಕ್ಷರಾದ ಮೇಲೆ ಇನ್ನೊಂದು ಅನುಭವವನ್ನು ಬರೆದಿಟ್ಟಿದ್ದಾರೆ. ಉತ್ತರ ಆಫ್ರಿಕದ ಸೆಸಾರಿಯ ಎಂಬ ಪಟ್ಟಣದಲ್ಲಿ ಒಂದು ಭಯಂಕರ ವಾಡಿಕೆಯಿತ್ತು. ವರ್ಷಕ್ಕೊಮ್ಮೆ ಊರು ಎರಡು ಪಾಲಾಗಿ, ದಿನಗಟ್ಟಲೆ ಕಲ್ಲೆಸೆದು ಹೊಡೆದಾಡುತ್ತಿತ್ತು. ತಂದೆ ಮಕ್ಕಳು, ಅಣ್ಣತಮ್ಮಂದಿರು ಎಂಬ ಭೇದವಿಲ್ಲ; ಪ್ರಾಣಗಳೇ ಹೋಗುತ್ತಿದ್ದವು. ಅಗುಸ್ತೀನರು ಅದರ ವಿರುದ್ಧ ಬೋಧಿಸಿದಾಗ ಜನ ಮೊದಲು ಕೂಗಿ ಚಪ್ಪಾಳೆ ತಟ್ಟಿದರು. ಆಗ ತಮ್ಮ ಕೆಲಸವಾಯಿತೆಂದು ಅವರಿಗೆ ಅನಿಸಲಿಲ್ಲ. ಜನ ಅಳತೊಡಗಿದ ಮೇಲೆಯೇ ಆಶೆ ಮೂಡಿತು. ಕೊನೆಯ ಸಾಕ್ಷಿಯಾಗಿ ಅವರು ಕೊಡುವುದು ಕಣ್ಣೀರನ್ನೂ ಅಲ್ಲ: ಎಂಟು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅಲ್ಲಿ ಅಂಥ ಹೊಡೆದಾಟ ಮತ್ತೆ ನಡೆಯಲಿಲ್ಲ ಎಂಬುದನ್ನು.

ಹೀಗೆ ನಮಗೆ ಮೂರು ಮೆಟ್ಟಿಲುಗಳು ದೊರೆಯುತ್ತವೆ. ಚಪ್ಪಾಳೆ ಎಂದರೆ ಮಾತು ಅರ್ಥವಾಯಿತು, ಹಿತವಾಯಿತು. ಕಣ್ಣೀರು ಎಂದರೆ ಹೃದಯ ಅಲುಗಿತು. ಬದಲಾದ ನಡೆ ಎಂದರೆ ವಾಕ್ಯ ಬೇರೂರಿತು. ಅಗುಸ್ತೀನರ ಕಾಲದವರೇ ಆದ ಸಂತ ಜಾನ್ ಕ್ರಿಸೊಸ್ತೊಮರು ದೇವಾಲಯದಲ್ಲಿ ತಮ್ಮ ಪ್ರಬೋಧನೆಗೆ ಬೀಳುತ್ತಿದ್ದ ಚಪ್ಪಾಳೆಯನ್ನು ಪದೇ ಪದೇ ಗದರಿಸಿದ್ದು ಜನ ಮೊದಲ ಮೆಟ್ಟಿಲಲ್ಲೇ ಕುಳಿತುಬಿಡಬಾರದು ಎಂಬ ಕಳಕಳಿಯಿಂದ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಮುಂದಿನ ಶತಮಾನಗಳ ಕೆಲವು ಸಭೆಗಳನ್ನು ಹೊಕ್ಕು ನೋಡೋಣ.

ನಮ್ಮ ಕರಾವಳಿಯ ಕ್ರಿಸ್ತಪುರಾಣ

ಮೊದಲ ಸಭೆ ನಮಗೆ ಹತ್ತಿರದ್ದು. ಇಂಗ್ಲೆಂಡಿನ ಯೇಸುಸಭೆಯ ಗುರು ತೋಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದರು. ಹೊಸದಾಗಿ ಕ್ರೈಸ್ತರಾದವರು ತಮ್ಮ ಹಳೆಯ ಪುರಾಣಗಳನ್ನು ಬಿಟ್ಟಿದ್ದರು. ಅವುಗಳ ಸ್ಥಾನದಲ್ಲಿ ಹಾಡಿ ಕೇಳಲು ಅವರಿಗೇನೂ ಇರಲಿಲ್ಲ. ಆ ಕೊರತೆಯನ್ನು ಅರಿತು ಸ್ಟೀಫನ್ಸರು ಸೃಷ್ಟಿಯಿಂದ ಕ್ರಿಸ್ತರ ಸ್ವರ್ಗಾರೋಹಣದವರೆಗಿನ ಕತೆಯನ್ನು ಕೊಂಕಣಿಯ ಛಾಯೆಯುಳ್ಳ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ ರಚಿಸಿದರು. 1616ರಲ್ಲಿ ರಾಯತೂರಿನಲ್ಲಿ ಅದು ಅಚ್ಚಾಯಿತು. ಹತ್ತು ಸಾವಿರಕ್ಕೂ ಮೀರಿದ ಓವಿಗಳ ಗ್ರಂಥವದು. ಭಾನುವಾರಗಳಂದು, ಹಬ್ಬದ ದಿನಗಳಂದು ಒಬ್ಬರು ರಾಗವಾಗಿ ಓದುತ್ತಿದ್ದರು, ಊರು ಕುಳಿತು ಕೇಳುತ್ತಿತ್ತು. ಗಮಕಿಯ ಕಾವ್ಯವಾಚನ, ದಾಸರ ಹರಿಕಥೆ ಕೇಳಿದ ನಮ್ಮ ಜನಕ್ಕೆ ಆ ನೋಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕತೆ ಎಲ್ಲರಿಗೂ ಗೊತ್ತು. ಆದರೂ ಯಾರೂ ಎದ್ದು ಹೋಗುವುದಿಲ್ಲ.

ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕುಟುಂಬಗಳೊಂದಿಗೆ ಈ ಪುರಾಣವೂ ಬಂತು. 1784ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರು ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರವರೆಗೆ, ಹದಿನೈದು ವರ್ಷಗಳ ಕಾಲ, ಅವರಿಗೆ ದೇವಾಲಯವಿರಲಿಲ್ಲ. ಆ ಕಾಲದಲ್ಲಿ ವಿಶ್ವಾಸವನ್ನು ಉಳಿಸಿದ್ದು ಕ್ರಿಸ್ತಪುರಾಣದ ಓವಿಗಳು ಎಂಬುದು ಮಂಗಳೂರಿನ ಕ್ರೈಸ್ತರಲ್ಲಿ ತಲೆಮಾರುಗಳಿಂದ ಬಂದ ನೆನಪು. ಆರಂಭದ ಮುದ್ರಣಗಳ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆದರೂ 1907ರಲ್ಲಿ ಜೋಸೆಫ್ ಎಲ್. ಸಲ್ಡಾನ್ಹರು ಕೈಬರಹದ ಪ್ರತಿಗಳನ್ನು ಆಧರಿಸಿ ಮಂಗಳೂರಿನಿಂದ ಅದನ್ನು ಮತ್ತೆ ಪ್ರಕಟಿಸಲು ಸಾಧ್ಯವಾಯಿತು. ಕೇಳಿದ ಜನ ಬರೆದಿಟ್ಟುಕೊಂಡರು, ಮಕ್ಕಳಿಗೆ ದಾಟಿಸಿದರು. ಇಲ್ಲಿ ಚಪ್ಪಾಳೆಯ ಮಾತೇ ಇಲ್ಲ. ಕಾಪಾಡಿಕೊಂಡದ್ದೇ ಅವರ ಪ್ರತಿಕ್ರಿಯೆ.

ಕ್ರಿಸ್ಮಸ್ ಕತೆ ಕೇಳಿದ ಕಾರ್ಮಿಕರು

ಇನ್ನು ಇಂಗ್ಲೆಂಡಿಗೆ ಹೋಗೋಣ. ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ 'ಎ ಕ್ರಿಸ್ಮಸ್ ಕ್ಯಾರಲ್' ಕತೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಜಿಪುಣ ಸ್ಕ್ರೂಜ್ ಒಂದೇ ರಾತ್ರಿಯಲ್ಲಿ ಮನುಷ್ಯನಾಗುವ ಕತೆ. ಹತ್ತು ವರ್ಷಗಳ ನಂತರ, 1853ರ ಡಿಸೆಂಬರ್ 27ರಂದು, ಬರ್ಮಿಂಗ್‌ಹ್ಯಾಮಿನ ಪುರಭವನದಲ್ಲಿ ಡಿಕನ್ಸ್ ತಾವೊಬ್ಬರೇ ನಿಂತು ಅದನ್ನು ಸಾರ್ವಜನಿಕರಿಗೆ ಓದಿದರು. ಡಿಸೆಂಬರ್ 30ರ ಓದು, ಅವರದೇ ಕೋರಿಕೆಯಂತೆ, ಕಡಿಮೆ ದರದಲ್ಲಿ ದುಡಿಯುವ ಜನರಿಗಾಗಿ. ಎರಡು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಆ ಕೇಳುಗರು ಒಂದು ಮಾತನ್ನೂ ಬಿಡದೆ, ಒಂದನ್ನೂ ತಪ್ಪಾಗಿ ತಿಳಿಯದೆ, ನಗುತ್ತ ಅಳುತ್ತ ಜೊತೆಗೇ ಸಾಗಿದರೆಂದು ಡಿಕನ್ಸ್ ಗೆಳೆಯರಿಗೆ ಸಂತೋಷದಿಂದ ಬರೆದರು. ಓದಿಲ್ಲದವರಿಗೆ ಒಳ್ಳೆಯ ಸಾಹಿತ್ಯ ತಿಳಿಯದು ಎಂಬ ಅಂದಿನ ದೊಡ್ಡಮನುಷ್ಯರ ಎಣಿಕೆಗೆ ಅದು ತಕ್ಕ ಉತ್ತರವಾಗಿತ್ತು.

ನಂತರದ ವರ್ಷಗಳಲ್ಲಿ ಡಿಕನ್ಸ್ ಕತೆಯನ್ನು ಓದಿಗೆ ಹೊಂದುವಂತೆ ಕತ್ತರಿಸಿ, ತಿದ್ದಿ, ಪಾತ್ರಕ್ಕೊಂದು ದನಿ ಕೊಟ್ಟು, ಇಂಗ್ಲೆಂಡ್ ಮತ್ತು ಅಮೆರಿಕದಲ್ಲೆಲ್ಲ ಓದಿದರು. ಅವರ ಕೊನೆಯ ಓದು ನಡೆದದ್ದು 1870ರ ಮಾರ್ಚ್ 15ರಂದು. 1867ರ ಕ್ರಿಸ್ಮಸ್ ಹಿಂದಿನ ದಿನ ಬಾಸ್ಟನ್ನಿನಲ್ಲಿ ಈ ಕತೆಯನ್ನು ಕೇಳಿದ ಫೇರ್‌ಬ್ಯಾಂಕ್ಸ್ ಎಂಬ ಕಾರ್ಖಾನೆಯ ಮಾಲೀಕರು ಕ್ರಿಸ್ಮಸ್ ದಿನ ಕಾರ್ಖಾನೆಗೆ ರಜೆ ಕೊಟ್ಟು, ಪ್ರತಿ ಕೆಲಸಗಾರನ ಮನೆಗೂ ಹಬ್ಬದೂಟಕ್ಕೆ ಒಂದು ಟರ್ಕಿ ಕೋಳಿಯನ್ನು ಕಳುಹಿಸಿದರೆಂದು ಡಿಕನ್ಸರ ಚರಿತ್ರಕಾರರು ಹೇಳುತ್ತಾರೆ. ಎಜ್ರನ ಮುಂದೆ ನಿಂತಿದ್ದ ಜನರ ನೆನಪಾಗುವುದಿಲ್ಲವೇ? ಏನೂ ಸಿದ್ಧಪಡಿಸಿಕೊಳ್ಳಲಾಗದವರಿಗೆ ಪಾಲು ಕಳುಹಿಸಬೇಕು. ಆ ಮಾಲೀಕರ ಮಟ್ಟಿಗೆ ಕೇಳಿದ್ದು ಮೂರನೆಯ ಮೆಟ್ಟಿಲನ್ನು ಮುಟ್ಟಿತು.

ಕ್ರಾಕೋವ್ ನಗರದ ಮುಚ್ಚಿದ ಬಾಗಿಲು

ಕೆಲವು ಕಾಲಗಳಲ್ಲಿ ಕೇಳಲು ಬಂದದ್ದೇ ದೊಡ್ಡ ಪ್ರತಿಕ್ರಿಯೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಪೋಲೆಂಡನ್ನು ಆಕ್ರಮಿಸಿ ಅಲ್ಲಿನ ನಾಟಕಶಾಲೆಗಳನ್ನೂ ವಿಶ್ವವಿದ್ಯಾಲಯಗಳನ್ನೂ ಮುಚ್ಚಿಸಿದ್ದರು. 1941ರಲ್ಲಿ ಮಿಯೆಚಿಸ್ಲಾವ್ ಕೊಟ್ಲಾರ್ಚಿಕ್ ಎಂಬವರ ಮುಂದಾಳತ್ವದಲ್ಲಿ ಕೆಲವು ಯುವಕ ಯುವತಿಯರು ಕ್ರಾಕೋವ್‌ನ ಮನೆಗಳಲ್ಲಿ ಗುಟ್ಟಾಗಿ ಒಂದು ರಂಗತಂಡವನ್ನು ಕಟ್ಟಿದರು. ಪರದೆಯಿಲ್ಲ, ವೇಷಭೂಷಣಗಳ ಸಡಗರವಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದು ನಾಡಿನ ಮಹಾಕವಿಗಳ ಕಾವ್ಯಗಳನ್ನು ನುಡಿಯುತ್ತಿದ್ದರು. ಒಂದು ಸಾಯಂಕಾಲ ಬೀದಿಯಲ್ಲಿ ಜರ್ಮನರ ಧ್ವನಿವರ್ಧಕ ತಮ್ಮ ಸೇನೆಯ ಜಯವನ್ನು ಅರಚುತ್ತಿದ್ದಾಗ, ಒಳಗೆ ನುಡಿಯುತ್ತಿದ್ದ ತರುಣ ದನಿಯನ್ನು ಏರಿಸಲೂ ಇಲ್ಲ, ನಿಲ್ಲಿಸಲೂ ಇಲ್ಲ. ಆ ತರುಣ ಕರೋಲ್ ವೊಯ್ತಿವ, ಮುಂದೆ ಜಗದ್ಗುರು ದ್ವಿತೀಯ ಜಾನ್ ಪಾಲರು.

ಕಟ್ಟುನಿಟ್ಟಾಗಿ ಹೇಳಿದರೆ ಅದು ಏಕವ್ಯಕ್ತಿ ಪ್ರದರ್ಶನವಲ್ಲ. ಆದರೆ ಬರಿಯ ದನಿಯನ್ನು ನಂಬಿದ ಆ ರಂಗಭೂಮಿಯಲ್ಲಿ ಕೇಳುವವರ ಪಾಲು ಎಷ್ಟೆಂದು ಗಮನಿಸಿ. ಸಿಕ್ಕಿಬಿದ್ದರೆ ಸೆರೆ, ಶಿಬಿರ, ಸಾವು. ಆದರೂ ಒಬ್ಬೊಬ್ಬರಾಗಿ ಬಂದು ಕೋಣೆಯಲ್ಲಿ ಕುಳಿತರು. 1999ರ ಪಾಸ್ಖ ಹಬ್ಬದಂದು ಕಲಾವಿದರಿಗೆ ಪತ್ರ ಬರೆದು, ಧರ್ಮಸಭೆಗೆ ಕಲೆ ಬೇಕು ಎಂದು ಜಗದ್ಗುರುಗಳು ಹೇಳಿದಾಗ ಅದರ ಹಿಂದೆ ಆ ಕೋಣೆಯ ಅನುಭವವೂ ಇತ್ತೆಂದು ನಾವು ನಂಬಬಹುದು. ಇಂದು ಹತ್ತು ನಿಮಿಷ ಮುಂಚೆ ಪೂಜೆಗೆ ಬರಲು ನಮಗೆ ಬೇಕಾದ ಧೈರ್ಯ ಅಷ್ಟೇನೂ ಅಲ್ಲ.

ಲಂಡನ್, 1978: ಮಾರ್ಕರು ರಂಗವೇರಿದರು

ಇನ್ನು ಮೊದಲು ಹೇಳಿದ ಪ್ರಸಂಗಕ್ಕೆ ಬರೋಣ. ಅಲೆಕ್ ಮೆಕೋವೆನ್ (1925-2017) ಇಂಗ್ಲಿಷ್ ರಂಗಭೂಮಿಯ ದೊಡ್ಡ ನಟರಲ್ಲೊಬ್ಬರು. 1968ರಲ್ಲಿ 'ಹೇಡ್ರಿಯನ್ ದ ಸೆವೆಂತ್' ನಾಟಕದಲ್ಲಿ, ಜಗದ್ಗುರುವಾಗುವ ಇಂಗ್ಲಿಷ್‌ನವನ ಪಾತ್ರದಿಂದ ಅವರು ಬಹಳ ಹೆಸರು ಮಾಡಿದ್ದರು. ಒಬ್ಬರೇ ನಡೆಸಿಕೊಡುವ ಪ್ರದರ್ಶನವೊಂದನ್ನು ಕಟ್ಟಬೇಕೆಂದು ಹೊರಟಾಗ ಅವರು ಆರಿಸಿಕೊಂಡದ್ದು ಸಂತ ಮಾರ್ಕರ ಶುಭಸಂದೇಶವನ್ನು; ಅದೂ 1611ರ ಹಳೆಯ ಇಂಗ್ಲಿಷ್ ಅನುವಾದದಲ್ಲಿ. ದಿನಕ್ಕೆ ಕೆಲವೇ ವಚನಗಳಂತೆ ಅವರು ಅದನ್ನು ಬಾಯಿಪಾಠ ಮಾಡಿದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. 1978ರಲ್ಲಿ ಲಂಡನ್ನಿನ ರಿವರ್‌ಸೈಡ್ ಸ್ಟುಡಿಯೋಸ್‌ನಲ್ಲಿ ಅವರು ಅದನ್ನು ಪ್ರದರ್ಶಿಸಿದರು. ಅದೇ ವರ್ಷ ನ್ಯೂಯಾರ್ಕಿನ ಜನರೂ ನೋಡಿದರು.

ರಂಗದ ಮೇಲೆ ಇದ್ದದ್ದು ಒಂದು ಮೇಜು, ಕೆಲವು ಕುರ್ಚಿಗಳು, ಕುಡಿಯಲು ನೀರು. ಉಡುಪು ನಿತ್ಯದ್ದೇ. ಮರೆತರೆ ಇರಲಿ ಎಂಬಂತೆ ಚಿಕ್ಕದೊಂದು ಹೊಸ ಒಡಂಬಡಿಕೆಯನ್ನು ಮೇಜಿನ ಮೇಲಿಟ್ಟು ಆರಂಭಿಸಿದರು. ಮುಂದೆ ಸುಮಾರು ಎರಡು ಗಂಟೆಗಳ ಕಾಲ ಮಾರ್ಕರ ಮಾತುಗಳು ಮಾತ್ರ. ವ್ಯಾಖ್ಯಾನವಿಲ್ಲ, ಸಂಗೀತವಿಲ್ಲ, ಶಿಲುಬೆಯ ಚಿತ್ರವೂ ಇಲ್ಲ. ಬಿಸಿಬಿಸಿ ಸುದ್ದಿಯನ್ನು ಓಡಿಬಂದು ಹೇಳುವವನ ಹಾಗೆ ಅವರು ಹೇಳಿದರು. ಹಾಗೆ ಹೇಳುವುದು ಮಾರ್ಕರ ಶೈಲಿಗೂ ಹೊಂದುತ್ತದೆ. 'ಕೂಡಲೇ' ಎಂಬ ಅರ್ಥದ ಪದ ಅವರ ಗ್ರೀಕ್ ಬರಹದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ.

ಪ್ರೇಕ್ಷಕರು ನಕ್ಕರು. ಆ ನಗು ಅನೇಕರನ್ನು ಬೆರಗುಗೊಳಿಸಿತು, ಏಕೆಂದರೆ ದೇವಾಲಯದಲ್ಲಿ ಶುಭಸಂದೇಶ ಕೇಳಿ ನಕ್ಕ ನೆನಪು ಯಾರಿಗೂ ಇರಲಿಲ್ಲ. ಆದರೆ ಮಾರ್ಕರನ್ನು ಒಂದೇ ಬಾರಿಗೆ ಓದಿ ನೋಡಿ. ಐದು ಸಾವಿರ ಜನರಿಗೆ, ಮತ್ತೆ ನಾಲ್ಕು ಸಾವಿರ ಜನರಿಗೆ ರೊಟ್ಟಿ ಹಂಚಿದ ಕೈಗಳೇ ಶಿಷ್ಯರವು. ಅದಾದ ಸ್ವಲ್ಪ ಹೊತ್ತಿಗೆ ದೋಣಿಯಲ್ಲಿ ಒಂದೇ ರೊಟ್ಟಿ ಇದೆಯೆಂದು ಅವರು ಚಿಂತಿಸುತ್ತಾರೆ. ಜನಜಂಗುಳಿ ಮೈಮೇಲೆ ಬೀಳುತ್ತಿರುವಾಗ ತಮ್ಮನ್ನು ಮುಟ್ಟಿದವರಾರೆಂದು ಪ್ರಭು ಕೇಳಿದರೆ, ಇದೆಂಥ ಪ್ರಶ್ನೆ ಎಂಬ ಧಾಟಿಯಲ್ಲಿ ಉತ್ತರಿಸುತ್ತಾರೆ. ಪ್ರಭು ತಮ್ಮ ಮರಣದ ಮಾತಾಡುತ್ತಿದ್ದರೆ, ಜೆಬೆದಾಯನ ಮಕ್ಕಳು ಸಿಂಹಾಸನದ ಬಲಗಡೆ ಎಡಗಡೆಯ ಜಾಗ ಕೇಳುತ್ತಾರೆ. ವಾರವಾರ ತುಂಡಾಗಿ ಕೇಳುವ ನಮಗೆ ಇವು ಬೇರೆ ಬೇರೆ ಪಾಠಗಳು. ಒಟ್ಟಾಗಿ ಕೇಳಿದಾಗ ನಗು ಬರುತ್ತದೆ. ನಗುತ್ತಿರುವಾಗಲೇ, ನಗುತ್ತಿರುವುದು ನಮ್ಮನ್ನೇ ನೋಡಿ ಎಂದು ಹೊಳೆಯುತ್ತದೆ. ಅಲ್ಲಿಂದ ಗೆತ್ಸೆಮನಿ ತೋಟಕ್ಕೆ ಬಹಳ ದೂರವಿಲ್ಲ. ನಕ್ಕು ಹತ್ತಿರವಾದ ಶಿಷ್ಯರೇ ಓಡಿಹೋದಾಗ, ಪೇತ್ರರು ಅಳುವಾಗ, ಕೇಳುವವನಿಗೆ ತನ್ನ ಮನೆಯವರೇ ಓಡಿಹೋದ ಹಾಗೆ ನೋವಾಗುತ್ತದೆ. ಮಾರ್ಕರು ಬರೆದಿಟ್ಟದ್ದು ಪೇತ್ರರ ನೆನಪುಗಳನ್ನೇ ಎಂದು ಪುರಾತನ ಸಂಪ್ರದಾಯ ಹೇಳುತ್ತದೆ. ತನ್ನ ಹುಂಬತನವನ್ನು ತಾನೇ ಹೇಳಿಕೊಂಡು ಅತ್ತ ಮುದುಕನ ದನಿ ಆ ಪುಟಗಳಲ್ಲಿ ಇದೆಯೆಂದು ನಮಗೂ ಅನಿಸುತ್ತದೆ.

ಮೆಕೋವೆನ್ 1984ರಲ್ಲಿ ಈ ಅನುಭವವನ್ನು ಒಂದು ಪುಸ್ತಕವಾಗಿ ಬರೆದರು. ಸುಮಾರು ಅದೇ ಕಾಲದಲ್ಲಿ ಅಮೆರಿಕದ ಲೂಥರನ್ ಪಂಡಿತ ಡೇವಿಡ್ ರೋಡ್ಸ್ ಕೂಡ ಮಾರ್ಕರನ್ನು ಬಾಯಿಪಾಠ ಮಾಡಿ ಸಭೆಗಳಲ್ಲಿ ಹೇಳತೊಡಗಿದ್ದರು. 1982ರಲ್ಲಿ ಡೊನಾಲ್ಡ್ ಮಿಚಿಯವರೊಂದಿಗೆ ಅವರು ಬರೆದ 'ಮಾರ್ಕ್ ಆ್ಯಸ್ ಸ್ಟೋರಿ' ಪುಸ್ತಕವನ್ನು ಅನೇಕ ಗುರುಮಠಗಳಲ್ಲಿ ಇಂದಿಗೂ ಓದುತ್ತಾರೆ. ಶುಭಸಂದೇಶವನ್ನು ಕೇಳುಗರ ಮುಂದೆ ಹೇಳಿ ನೋಡದೆ ಅದರ ಅರ್ಥ ಪೂರ್ತಿ ತಿಳಿಯುವುದಿಲ್ಲ ಎಂಬ ವಿಚಾರ ಬೈಬಲ್ ಅಧ್ಯಯನದಲ್ಲಿ ಬಲಗೊಂಡದ್ದು ಹೀಗೆ. ಎಲ್ಲಿ ಜನ ನಗುತ್ತಾರೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ ಎಂಬುದೂ ವ್ಯಾಖ್ಯಾನಕ್ಕೆ ಬೆಳಕು ಕೊಡುತ್ತದೆ.

ಸೈತಾನನಿಗೆ ನಗು, ತಾಯಿಗಾಗಿ ನೋವು

ಮುಂದಿನ ಎರಡು ಉದಾಹರಣೆಗಳನ್ನು ಚಿಕ್ಕದಾಗಿ ನೋಡೋಣ. ಸಿ. ಎಸ್. ಲೂಯಿಸರ 'ದ ಸ್ಕ್ರೂಟೇಪ್ ಲೆಟರ್ಸ್' 1942ರಲ್ಲಿ ಪುಸ್ತಕವಾಗಿ ಬಂತು. ಹಿರಿಯ ದೆವ್ವವೊಂದು ತನ್ನ ಸೋದರಳಿಯನಿಗೆ ಮನುಷ್ಯರನ್ನು ಕೆಡಿಸುವ ಉಪಾಯಗಳನ್ನು ಪತ್ರಗಳಲ್ಲಿ ಕಲಿಸುತ್ತದೆ. ಅಮೆರಿಕದ ನಟ ಮ್ಯಾಕ್ಸ್ ಮೆಕ್ಲೀನ್ ಜೆಫ್ರಿ ಫಿಸ್ಕ್ ಅವರೊಂದಿಗೆ ಅದನ್ನು ರಂಗಕ್ಕೆ ಅಳವಡಿಸಿ, 2006ರಿಂದ ನ್ಯೂಯಾರ್ಕ್, ಷಿಕಾಗೊ ಮೊದಲಾದ ಊರುಗಳಲ್ಲಿ ಆಡಿದರು. ಮಾತೆಲ್ಲ ಒಬ್ಬರದೇ; ಜೊತೆಗೆ ಮಾತಿಲ್ಲದ ಪರಿಚಾರಕ ದೆವ್ವವೊಂದಿದೆ. ಜನ ತುಂಬಿ ಬಂದರು, ನಕ್ಕರು. ಇಲ್ಲಿನ ನಗು ಜಾರುನೆಲ. ಪ್ರಾರ್ಥನೆಯನ್ನು ನಾಳೆಗೆ ಮುಂದೂಡುವುದು, ಪೂಜೆಯಲ್ಲಿ ಪಕ್ಕದವರ ಚಪ್ಪಲಿಯ ಸದ್ದನ್ನೂ ಹಾಡಿನ ಅಪಸ್ವರವನ್ನೂ ನೋಡಿ ಬೇಸರಪಡುವುದು: ದೆವ್ವದ ಉಪಾಯಗಳೆಲ್ಲ ನಮ್ಮ ಮನೆಯ ವಾಡಿಕೆಗಳೇ. ದೆವ್ವವನ್ನು ನೋಡಿ ನಕ್ಕವನು ಮನೆಗೆ ಹೋಗಿ ಪಾಪನಿವೇದನೆಗೆ ಸಿದ್ಧನಾದರೆ ಆ ನಗುವಿಗೆ ಬೆಲೆ. ಇಲ್ಲವಾದರೆ ಅದೂ ದೆವ್ವಕ್ಕೇ ಲಾಭ.

ಇನ್ನೊಂದು ನೋವಿನ ಪ್ರಸಂಗ. ಐರಿಷ್ ಲೇಖಕ ಕೋಮ್ ಟೋಬೀನರು 2012ರಲ್ಲಿ ಪ್ರಕಟಿಸಿದ 'ದ ಟೆಸ್ಟಮೆಂಟ್ ಆಫ್ ಮೇರಿ' ಮಾತೆ ಮರಿಯಮ್ಮನವರನ್ನು ಶೋಕದಲ್ಲಿ, ಸಂದೇಹದಲ್ಲಿ, ಶಿಷ್ಯರ ಮೇಲಿನ ಕೋಪದಲ್ಲಿ ಚಿತ್ರಿಸುತ್ತದೆ. ಧರ್ಮಸಭೆಯ ವಿಶ್ವಾಸಕ್ಕೆ ಅದು ಒಪ್ಪುವ ಚಿತ್ರವಲ್ಲ. 2013ರಲ್ಲಿ ಫಿಯೋನಾ ಶಾ ಎಂಬ ನಟಿ ನ್ಯೂಯಾರ್ಕಿನಲ್ಲಿ ಅದನ್ನು ಒಬ್ಬರೇ ಅಭಿನಯಿಸಿದಾಗ ಕೆಲವು ಕಥೋಲಿಕರು ನಾಟಕಶಾಲೆಯ ಹೊರಗೆ ಪ್ರತಿಭಟಿಸಿದರು. ಏಪ್ರಿಲ್ 22ರಂದು ವಿಧ್ಯುಕ್ತವಾಗಿ ಆರಂಭವಾದ ಪ್ರದರ್ಶನ ಮೇ 5ಕ್ಕೆ ನಿಂತಿತು. ಆ ವರ್ಷದ ಟೋನಿ ಪ್ರಶಸ್ತಿಯ ಶ್ರೇಷ್ಠ ನಾಟಕದ ಪಟ್ಟಿಯಲ್ಲೂ ಅದರ ಹೆಸರಿತ್ತು. ತಾಯಿಯ ಗೌರವಕ್ಕೆ ಕುಂದು ಬಂತೆಂದು ಮಕ್ಕಳು ನೋಯುವುದು ಸಹಜ, ಅದನ್ನು ಶಾಂತವಾಗಿ ಹೇಳುವ ಹಕ್ಕೂ ಅವರಿಗುಂಟು. ಆದರೆ ಅಗುಸ್ತೀನರ ಅಳತೆಗೋಲು ಪ್ರತಿಭಟನೆಗೂ ಅನ್ವಯಿಸುತ್ತದೆ. ಬೀದಿಯಲ್ಲಿ ನಿಂತವರು ಮನೆಗೆ ಮರಳಿ ಮಕ್ಕಳೊಂದಿಗೆ ಜಪಸರ ಹಿಡಿದರೇ? ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ಕತೆಯನ್ನು ಅವರಿಗೆ ಓದಿ ಹೇಳಿದರೇ? ಕೋಪವೂ ಚಪ್ಪಾಳೆಯ ಹಾಗೆಯೇ. ಅದು ಕೊನೆಯ ಮೆಟ್ಟಿಲಲ್ಲ.

ನಮ್ಮ ಭಾನುವಾರಗಳಿಗೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪವಿತ್ರ ದೈವಾರಾಧನೆಯ ಕುರಿತ ತನ್ನ ಶಾಸನದಲ್ಲಿ, ದೇವಾಲಯದಲ್ಲಿ ಪವಿತ್ರ ಗ್ರಂಥವನ್ನು ಓದುವಾಗ ಮಾತಾಡುವವರು ಸ್ವತಃ ಕ್ರಿಸ್ತರೇ ಎಂದು ಬೋಧಿಸಿತು. ಬೈಬಲಿನ ಭಂಡಾರವನ್ನು ಜನರಿಗೆ ಧಾರಾಳವಾಗಿ ತೆರೆಯಬೇಕೆಂದೂ ಹೇಳಿತು. ಅದರ ಫಲವಾಗಿ ನಾವಿಂದು ಕನ್ನಡದಲ್ಲಿ ಕೇಳುತ್ತಿದ್ದೇವೆ. ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಸಾಮಾನ್ಯ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವನ್ನಾಗಿ ಗೊತ್ತುಮಾಡಿದರು. ಇಷ್ಟೆಲ್ಲ ದೊರೆತ ಮೇಲೆ, ವಾಚಕರು ಗ್ರಂಥಪೀಠದ ಬಳಿ ಬಂದ ಮೇಲೆಯೇ ಆ ದಿನದ ಪಾಠವನ್ನು ಮೊದಲ ಬಾರಿ ನೋಡುವುದಾದರೆ, ನಾವು ಮೊದಲ ವಾಚನ ಮುಗಿದ ಮೇಲೆ ಒಳಗೆ ಬರುವುದಾದರೆ, ಆ ಧಾರಾಳತನಕ್ಕೆ ನಮ್ಮ ಉತ್ತರವೇನು? ಹಣಕ್ಕಾಗಿ ಅಲ್ಲದಿದ್ದರೂ ಕಲೆಗಾಗಿ ಒಬ್ಬ ನಟ ಒಂದು ವರ್ಷ ಮೀರಿ ಮಾರ್ಕರನ್ನು ಕಲಿತರು. ವಿಶ್ವಾಸಕ್ಕಾಗಿ ನಮ್ಮ ವಾಚಕರು ಶನಿವಾರ ಸಂಜೆ ಅರ್ಧ ಗಂಟೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ ನೋಡಬಹುದಲ್ಲವೇ? ಮನೆಯವರೂ ಆಗ ಕೇಳಿದಂತಾಗುತ್ತದೆ.

ದೇವಾಲಯ ನಾಟಕಶಾಲೆಯಲ್ಲ ಎಂಬುದನ್ನು ಮರೆಯಬಾರದು. ವಾಚಕರು ಅಭಿನಯಿಸಬೇಕಾಗಿಲ್ಲ, ಗುರುಗಳು ಪಾತ್ರಧಾರಿಗಳಾಗಬೇಕಾಗಿಲ್ಲ. ನಾಟಕಶಾಲೆಯಿಂದ ನಾವು ಕಲಿಯಬೇಕಾದದ್ದು ಕೇಳುವ ಶ್ರದ್ಧೆಯನ್ನು. ಈ ವರ್ಷ ಸಂತ ಮಾರ್ಕರ ಹಬ್ಬದ ಸಂಜೆ, ಇಲ್ಲವೇ ತಪಸ್ಸುಕಾಲದ ಒಂದು ಶುಕ್ರವಾರ, ಪ್ರತಿ ಧರ್ಮಕೇಂದ್ರದಲ್ಲೂ ಮಾರ್ಕರ ಶುಭಸಂದೇಶವನ್ನು ಮೊದಲಿಂದ ಕೊನೆಯವರೆಗೆ ಒಬ್ಬರು, ದಣಿದರೆ ಇಬ್ಬರು, ನಿಧಾನವಾಗಿ ಓದಲಿ. ಎರಡು ಗಂಟೆ ಸಾಕು. ಒಂದು ಸಿನಿಮಾದಷ್ಟೂ ಅಲ್ಲ. ಮಕ್ಕಳು ನಕ್ಕರೆ ಗದರಿಸುವುದು ಬೇಡ. ಓದು ಮುಗಿದಾಗ ಚಪ್ಪಾಳೆ ಬೇಡ, ಸ್ವಲ್ಪ ಹೊತ್ತು ಮೌನವಿರಲಿ.

ಆ ಮೌನಕ್ಕೆ ಮಾರ್ಕರೇ ಅರ್ಥ ಕೊಡುತ್ತಾರೆ. ಅವರ ಶುಭಸಂದೇಶದ ಅತ್ಯಂತ ಹಳೆಯ ಹಸ್ತಪ್ರತಿಗಳು ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೆ ಮುಗಿದುಬಿಡುತ್ತವೆ: ಬರಿದಾದ ಸಮಾಧಿಯನ್ನು ಕಂಡ ಸ್ತ್ರೀಯರು ಭಯದಿಂದ ಓಡುತ್ತಾರೆ, ಯಾರಿಗೂ ಏನನ್ನೂ ಹೇಳುವುದಿಲ್ಲ. ಧರ್ಮಸಭೆ ಪವಿತ್ರ ಗ್ರಂಥವೆಂದು ಅಂಗೀಕರಿಸಿರುವ ಮುಂದಿನ ವಚನಗಳು ಪುನರುತ್ಥಾನಿ ಪ್ರಭುವನ್ನೂ ಅವರ ಆಜ್ಞೆಯನ್ನೂ ನಮಗೆ ತಿಳಿಸುತ್ತವೆ. ಆದರೂ ಆ ಎಂಟನೆಯ ವಚನದಲ್ಲಿ ಒಂದು ಕ್ಷಣ ನಿಲ್ಲೋಣ. ಪೇತ್ರರು ಓಡಿಹೋದರು, ಶಿಷ್ಯರು ಚದುರಿದರು, ಸ್ತ್ರೀಯರು ಮಾತಾಡಲಿಲ್ಲ. ಕತೆಯನ್ನು ಪೂರ್ತಿ ಕೇಳಿ, ಎಲ್ಲವನ್ನೂ ತಿಳಿದು ಇನ್ನೂ ಅಲ್ಲೇ ಕುಳಿತಿರುವವರು ನಾವು ಮಾತ್ರ. ಎದ್ದು ಹೋಗಿ ಹೇಳಬೇಕಾದವರೂ ನಾವೇ. ಹೇಳುವುದು ಬಾಯಿಂದ ಆಗದಿದ್ದರೆ, ಏನೂ ಸಿದ್ಧಪಡಿಸಿಕೊಳ್ಳಲಾಗದ ಒಂದು ಮನೆಗೆ ಅಂದು ರಾತ್ರಿ ಒಂದು ಪಾಲು ಊಟವನ್ನು ತಲುಪಿಸೋಣ. ಸಂತ ಮಾರ್ಕರು ನಮಗಾಗಿ ಪ್ರಾರ್ಥಿಸಲಿ.